ಇಬ್ಬರೇ ಉಳಿದಾಗ

ಪಂಚಮಿ ಹಬ್ಬದ ದಿನಗಳಲ್ಲಿ, ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತಿರುವಾಗ, ಹುಡುಗರು ಪಂಥ ಕಟ್ಟಿ ತೆಂಗಿನಕಾಯಿಯನ್ನೋ ಲಿಂಬೆಹಣ್ಣನ್ನೋ ದೂರ ದೂರಕ್ಕೆ ಎಸೆಯುತ್ತಿರುವಾಗ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಬೇವಿನ ಕಟ್ಟೆಯ ಮೇಲೋ ಗುಡಿಯ ಹಿಂದಣ ನೆರಳಿನಲ್ಲೋ ಕಂಬಳಿ ಹಾಸಿಕೊಂಡು ಏಳೆಂಟು ಮಂದಿ ಇಸ್ಪೀಟು ಹಿಡಿದು ಕೂಡುವುದು ಆ ಸೀಮೆಯವರಿಗೆ ಹೊಸ ನೋಟವಲ್ಲ. ಅವರಾಡುವುದು ಬಹುಮಟ್ಟಿಗೆ ಮೂರೆಲೆಯ ಆಟ, ತೀನ್ ಪತ್ತಿ. ಒಬ್ಬೊಬ್ಬರಾಗಿ ಎಲೆ ಒಗೆದು ಹಿಂದೆ ಸರಿಯುತ್ತಾರೆ. ಸರಿದವರು ಎದ್ದು ಹೋಗದೆ ಅಲ್ಲಿಯೇ ಕುಳಿತು, ಉಳಿದವರ ಮುಖವನ್ನು ನೋಡುತ್ತಾರೆ. ಕಟ್ಟಕಡೆಗೆ ಇಬ್ಬರೇ ನಿಂತಾಗ ಕಟ್ಟೆಯ ಮಾತೆಲ್ಲ ನಿಲ್ಲುತ್ತದೆ.

"ಏನ್ ಮಾಡ್ತೀಪಾ ತಮ್ಮಾ, ಚಾಲ ಹೊಡಿತಿಯೋ, ಎಲಿ ಒಗಿತಿಯೋ?"

"ಷೋ ಮಾಡ್ರಿ ಕಾಕಾ."

ಈ 'ಷೋ' ಎಂಬ ಹಕ್ಕು ಇಬ್ಬರೇ ಉಳಿದಾಗ ಮಾತ್ರ ದೊರೆಯತಕ್ಕದ್ದು. ಮೂವರಿರುವ ತನಕ ಯಾರೂ ಕಣದ ಎಲೆಗಳನ್ನು ಬಯಲಿಗಿಡಿಸಿ ಆಟವನ್ನು ಮುಗಿಸುವಂತಿಲ್ಲ. ಐವತ್ತೆರಡು ಎಲೆಗಳಿಂದ ಮೂರೆಲೆಗಳ ಕೂಟಗಳು 22,100 ಆಗುತ್ತವೆ. ಅವುಗಳಲ್ಲಿ 16,440 ಕೂಟಗಳಲ್ಲಿ ಜೋಡಿಯಾಗಲಿ, ಸಾಲಾಗಲಿ, ಒಂದೇ ಬಣ್ಣವಾಗಲಿ ಇರುವುದಿಲ್ಲ. ಎಂದರೆ ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು ಸಲ ಕೈಯಲ್ಲಿರುವುದು ಏನೂ ಅಲ್ಲದ ಎಲೆ. ಯಾವ ಇಬ್ಬರನ್ನೇ ತೆಗೆದುಕೊಂಡರೂ, ಇಬ್ಬರ ಕೈಯೂ ಬರಿದಾಗಿರುವ ಸಂದರ್ಭಗಳು ಅರ್ಧಕ್ಕಿಂತ ಹೆಚ್ಚು. ಹಾಗಿದ್ದ ಮೇಲೆ ಗೆಲ್ಲುವುದು ಎಲೆಯೆ, ಮನುಷ್ಯನೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆ ಪ್ರಶ್ನೆಯನ್ನು ಅತ್ಯಂತ ಸೂಕ್ಷ್ಮವಾಗಿ ಪರೀಕ್ಷಿಸಿರುವ ಆಟವೆಂದರೆ ತೀನ್ ಪತ್ತಿಯ ದೂರದ ಬಂಧುವಾದ ಪೋಕರು. ಅದರಲ್ಲಿಯೂ ಪಂದ್ಯಾವಳಿಯ ಕಡೆಯಲ್ಲಿ ಇಬ್ಬರೇ ಎದುರುಬದರಾಗಿ ಕೂಡುವ, 'ಹೆಡ್ಸ್ ಅಪ್' ಎಂದು ಕರೆಯುವ ಆ ಕೊನೆಯ ಘಟ್ಟ.

ಆಟದ ಕ್ರಮವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್ ಎಂಬ ರೀತಿಯಲ್ಲಿ ಪ್ರತಿಯೊಬ್ಬನಿಗೂ ಎರಡೆರಡು ಎಲೆ ಗುಪ್ತವಾಗಿ ದೊರೆಯುತ್ತವೆ; ನಡುವೆ ಮೊದಲು ಮೂರು, ಆಮೇಲೆ ಒಂದು, ಮತ್ತೆ ಒಂದು, ಹೀಗೆ ಐದು ಎಲೆಗಳು ಎಲ್ಲರಿಗೂ ಕಾಣುವಂತೆ ತೆರೆಯುತ್ತವೆ; ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿದವನು ಗೆಲ್ಲುತ್ತಾನೆ, ಅಥವಾ ನಡುನಡುವೆ ಪಣ ಏರಿಸಿ ಎದುರಾಳಿಗಳೆಲ್ಲ ಎಲೆ ಒಗೆಯುವಂತೆ ಮಾಡಿದವನು ಗೆಲ್ಲುತ್ತಾನೆ. ಎಲೆ ನೋಡುವ ಮೊದಲೇ ಇಬ್ಬರು ತಪ್ಪದೆ ಇಡಬೇಕಾದ ಪಣಗಳಿಗೆ ಸಣ್ಣ ಬ್ಲೈಂಡ್, ದೊಡ್ಡ ಬ್ಲೈಂಡ್ ಎಂದು ಹೆಸರು. ಪಂದ್ಯಾವಳಿಯಲ್ಲಿ ಎಲ್ಲರೂ ಸಮಾನ ಬಿಲ್ಲೆಗಳಿಂದ ಪ್ರಾರಂಭಿಸುತ್ತಾರೆ, ಬಿಲ್ಲೆ ತೀರಿದವನು ಹೊರಗೆ ನಡೆಯುತ್ತಾನೆ, ಗಡಿಯಾರ ಸರಿದಂತೆ ಬ್ಲೈಂಡುಗಳು ಏರುತ್ತ ಹೋಗುತ್ತವೆ. ನಮ್ಮ ಜಾತ್ರೆಯ ಕುಸ್ತಿ ಕಣದಲ್ಲಿ ಹಗಲೆಲ್ಲ ಎಷ್ಟೋ ಜೋಡಿಗಳು ಬರಾಬರಿ ಬಿಡಿಸಿಕೊಂಡು ಹೋದರೂ, ಕಡೆಗೆ ಹಿಡಿಯುವ ಜಂಗೀ ನಿಕಾಲಿ ಕುಸ್ತಿಯಲ್ಲಿ ಒಬ್ಬನ ಬೆನ್ನು ಮಣ್ಣಿಗೆ ತಾಗದೆ ಹೇಗೆ ಬಿಡುಗಡೆಯಿಲ್ಲವೋ, ಹಾಗೆಯೇ ಇಲ್ಲಿಯೂ ಒಬ್ಬನ ಬಿಲ್ಲೆಗಳೆಲ್ಲ ಇನ್ನೊಬ್ಬನ ಮುಂದೆ ಸೇರುವ ತನಕ ಆಟಕ್ಕೆ ನಿಲುಗಡೆಯಿಲ್ಲ.

ಇಲ್ಲಿಯವರೆಗೆ ಆಟಗಾರನನ್ನು ಕಾಪಾಡಿಕೊಂಡು ಬಂದ ಗುಣ ತಾಳ್ಮೆ. ಒಂಬತ್ತು ಮಂದಿ ಕುಳಿತ ಮೇಜಿನಲ್ಲಿ ಕೆಟ್ಟ ಎಲೆಗಳನ್ನು ಒಗೆದು ಒಳ್ಳೆಯದಕ್ಕಾಗಿ ಕಾಯುವವನೇ ಜಾಣನು. ಆದರೆ ಇಬ್ಬರೇ ಉಳಿದ ಕ್ಷಣದಿಂದ ಅದೇ ತಾಳ್ಮೆಯು ಅವನ ಶತ್ರುವಾಗುತ್ತದೆ, ಮತ್ತು ಇದು ಬರಿಯ ಗಣಿತದಿಂದ ಸಿದ್ಧವಾಗತಕ್ಕ ಮಾತು. ಎಕ್ಕದ ಜೋಡಿ ಕೈಗೆ ಬರುವುದು ಸರಾಸರಿ 221 ಸಲಕ್ಕೆ ಒಮ್ಮೆ. ಒಂಬತ್ತು ಮಂದಿ ಇರುವಾಗ ಒಂಬತ್ತು ಆಟಕ್ಕೊಮ್ಮೆ ಮಾತ್ರ ಎರಡೂ ಬ್ಲೈಂಡುಗಳ ಸರದಿ ಬರುವುದರಿಂದ, 221 ಆಟಗಳ ಕಾಲ ಸುಮ್ಮನೆ ಕಾದವನು ಕಳೆದುಕೊಳ್ಳುವುದು ಸುಮಾರು 37 ದೊಡ್ಡ ಬ್ಲೈಂಡುಗಳಷ್ಟು. ಇಬ್ಬರೇ ಇರುವಾಗ ಪ್ರತಿ ಆಟದಲ್ಲಿಯೂ ಒಂದಲ್ಲ ಒಂದು ಬ್ಲೈಂಡು ತನ್ನದೇ ಆಗುವುದರಿಂದ, ಅದೇ ಕಾಯುವಿಕೆಯ ಬೆಲೆ 165ನ್ನು ದಾಟುತ್ತದೆ. ಕಡೆಯ ಘಟ್ಟದಲ್ಲಿ ಒಬ್ಬೊಬ್ಬನ ಮುಂದೆ ಅದರ ಕಾಲುಭಾಗದಷ್ಟೂ ಬಿಲ್ಲೆಗಳು ಇರದೆ ಹೋಗಬಹುದು. ಆದುದರಿಂದ ಎಕ್ಕದ ದಾರಿಯನ್ನು ನೋಡುತ್ತ ಕುಳಿತವನು ಎಕ್ಕ ಬರುವ ಬಹು ಮೊದಲೇ ಬರಿಗೈಯಾಗಿರುತ್ತಾನೆ.

ಅದರ ಜೊತೆಗೆ ಎಲೆಗಳ ಬೆಲೆಯೇ ಬದಲಾಗುತ್ತದೆ. ಬಣ್ಣ ಕೂಡದ ಒಂದು ರಾಣಿ, ಒಂದು ಏಳು: ಎಂಟು ಮಂದಿ ಎದುರಾಳಿಗಳ ನಡುವೆ ಇದನ್ನು ಯಾವ ಪಳಗಿದ ಆಟಗಾರನೂ ಎರಡು ಸಲ ನೋಡುವುದಿಲ್ಲ. ಆದರೆ ಒಬ್ಬನೇ ಎದುರಾಳಿಯ ಅಜ್ಞಾತವಾದ ಎರಡು ಎಲೆಗಳ ಮುಂದೆ ಅದು ನೂರಕ್ಕೆ 51ಕ್ಕಿಂತ ತುಸು ಹೆಚ್ಚು ಸಲ ಗೆಲ್ಲತಕ್ಕ ಎಲೆ. ಎಕ್ಕದ ಜೋಡಿಯೂ ಅಜೇಯವಲ್ಲ. ಅದು ಗೆಲ್ಲುವುದು ನೂರಕ್ಕೆ ಸುಮಾರು 85 ಸಲ. ಅತ್ಯಂತ ನಿಕೃಷ್ಟವಾದ ಎರಡು-ಮೂರರ ಕೈಯೂ ಮೂರು ಸಲಕ್ಕೆ ಹತ್ತಿರ ಹತ್ತಿರ ಒಮ್ಮೆ ಗೆದ್ದುಬಿಡುತ್ತದೆ. ಇನ್ನು ಜೋಡಿಯಲ್ಲದ ಎರಡೆಲೆಯವನಿಗೆ ನಡುವಣ ಮೊದಲ ಮೂರೆಲೆಗಳಿಂದ ಜೋಡಿಯಾದರೂ ಒದಗುವುದು ಮೂರು ಸಲಕ್ಕೆ ಒಮ್ಮೆ ಮಾತ್ರ. ಮಿಕ್ಕಂತೆ ಎಷ್ಟೋ ಸಲ ಇಬ್ಬರೂ ಏನೂ ದಕ್ಕದ ಕೈಗಳನ್ನು ಹಿಡಿದು ಒಬ್ಬರನ್ನೊಬ್ಬರು ನೋಡುತ್ತಿರುತ್ತಾರೆ. ಆಗ ಮೊದಲು ಧೈರ್ಯವಾಗಿ ಪಣವಿಟ್ಟವನಿಗೆ ಬಿಲ್ಲೆ ಸಲ್ಲುತ್ತದೆ.

ಸರದಿಯ ವಿಚಾರವೂ ಇಲ್ಲಿ ತಿರುಗುಮುರುಗು. ಇಬ್ಬರೇ ಇರುವಾಗ ಎಲೆ ಹಂಚುವ ಸ್ಥಾನದವನೇ ಸಣ್ಣ ಬ್ಲೈಂಡನ್ನಿಟ್ಟು ಆರಂಭದಲ್ಲಿ ಮೊದಲು ಮಾತಾಡುತ್ತಾನೆ. ನಡುವಣ ಎಲೆಗಳು ತೆರೆದ ಮೇಲೆ ಮಾತ್ರ, ಆಟ ಮುಗಿಯುವ ತನಕ ಪ್ರತಿಯೊಂದು ಸುತ್ತಿನಲ್ಲಿಯೂ ಅವನದೇ ಕಡೆಯ ಮಾತು. ಎದುರಾಳಿಯು ಏನು ಮಾಡಿದನೆಂಬುದನ್ನು ಕಂಡು ಆಮೇಲೆ ತೀರ್ಮಾನಿಸುವ ಈ ಅನುಕೂಲ ಅಷ್ಟಿಷ್ಟಲ್ಲ. ಬಲ್ಲವರು ಈ ಸ್ಥಾನ ದೊರೆತಾಗ ಹೆಚ್ಚು ಕೈಗಳನ್ನಾಡಿ, ಅದು ತಪ್ಪಿದಾಗ ಬಿಗಿ ಹಿಡಿಯುತ್ತಾರೆ.

2003ರಲ್ಲಿ ಅಮೆರಿಕದ ಲಾಸ್ ವೇಗಸ್ಸಿನಲ್ಲಿ ನಡೆದ ಜಾಗತಿಕ ಪಂದ್ಯಾವಳಿಯ ಕಡೆಯ ರಾತ್ರಿಯನ್ನು ಇಲ್ಲಿ ನೆನೆಯಲೇಬೇಕು. 839 ಮಂದಿಯಲ್ಲಿ ಉಳಿದವರು ಇಬ್ಬರು: ಟೆನೆಸಿ ಪ್ರಾಂತದ ಲೆಕ್ಕಿಗನಾದ ಕ್ರಿಸ್ ಮನಿಮೇಕರ್ ಮತ್ತು ಬೈರೂತಿನಲ್ಲಿ ಹುಟ್ಟಿ ಪೋಕರನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ಸ್ಯಾಮ್ ಫರ್ಹಾ. ಗೆದ್ದವನಿಗೆ 25 ಲಕ್ಷ ಡಾಲರ್, ಸೋತವನಿಗೆ 13 ಲಕ್ಷ. ಒಂದು ಆಟದಲ್ಲಿ ಮನಿಮೇಕರನ ಕೈಯಲ್ಲಿದ್ದುದು ಇಸ್ಪೀಟಿನ ರಾಜ ಮತ್ತು ಆಟೀನಿನ ಏಳು. ಫರ್ಹಾನ ಕೈಯಲ್ಲಿ ಇಸ್ಪೀಟಿನ ರಾಣಿ ಮತ್ತು ಆಟೀನಿನ ಒಂಬತ್ತು. ನಡುವೆ ಇಸ್ಪೀಟಿನ ಒಂಬತ್ತು, ಡೈಮಂಡಿನ ಎರಡು, ಇಸ್ಪೀಟಿನ ಆರು ಬಂದು, ನಾಲ್ಕನೆಯದಾಗಿ ಇಸ್ಪೀಟಿನ ಎಂಟು ಬಿತ್ತು. ಈಗ ಮನಿಮೇಕರನಿಗೆ ಮತ್ತೊಂದು ಇಸ್ಪೀಟು ಬಂದರೆ ಐದೂ ಒಂದೇ ಬಣ್ಣ; ಒಂದು ಐದೋ ಒಂದು ಹತ್ತೋ ಬಂದರೆ ಸಾಲು. ಬಂದುದು ಆಟೀನಿನ ಮೂರು. ಅವನ ಆಸೆಗಳೆಲ್ಲ ಅಲ್ಲಿಗೆ ಮುರಿದವು. ಒಂದು ಜೋಡಿಯೂ ಇಲ್ಲದ ಕೈ ಅದು. ಎದುರಿಗೆ ಒಂಬತ್ತರ ಜೋಡಿ ಹಿಡಿದು ಕುಳಿತವನು ವೃತ್ತಿನಿಪುಣ. ಆ ಸ್ಥಿತಿಯಲ್ಲಿ ಈ ಲೆಕ್ಕಿಗನು ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿ ಕಲ್ಲಿನಂತೆ ಕುಳಿತನು. ಫರ್ಹಾ ಬಹಳ ಹೊತ್ತು ಯೋಚಿಸಿದನು. ಎದುರಾಳಿಯ ಬಣ್ಣ ಕೂಡಲಿಲ್ಲವೇನೋ ಎಂಬ ಸಂಶಯವೂ ಅವನಲ್ಲಿ ಮೂಡಿತ್ತು. ಆದರೂ ಗೆಲ್ಲುತ್ತಿದ್ದ ಎಲೆಯನ್ನೇ ಒಗೆದನು. ಮುಂದೆ ಸ್ವಲ್ಪ ಹೊತ್ತಿನಲ್ಲಿಯೇ ಐದು-ನಾಲ್ಕರ ಸಾಮಾನ್ಯವಾದ ಕೈಯಿಂದ ಮನಿಮೇಕರನು ಪಂದ್ಯಾವಳಿಯನ್ನು ಗೆದ್ದನು.

ಇದನ್ನು ಬರಿಯ ಎದೆಗಾರಿಕೆ ಎನ್ನುವುದು ಅನ್ಯಾಯವಾದೀತು. ಗಣಿತಜ್ಞನಾದ ಜಾನ್ ಫಾನ್ ನಾಯ್‌ಮನ್ನನು 1928ರಷ್ಟು ಹಿಂದೆಯೇ ಇಬ್ಬರ ಆಟಗಳ ಮೂಲ ಪ್ರಮೇಯವನ್ನು ಸಿದ್ಧಪಡಿಸಿ, 1944ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನನೊಡನೆ ಬರೆದ ಮಹಾಗ್ರಂಥದಲ್ಲಿ ಪೋಕರಿಗೆ ವಿಸ್ತಾರವಾದ ಸ್ಥಳವನ್ನಿತ್ತನು. ಎಲೆಯಿಲ್ಲದೆ ಎಲೆಯಿದ್ದವನಂತೆ ಆಡುವುದು ಬುದ್ಧಿಯ ದೋಷವಲ್ಲ, ಶಾಸ್ತ್ರೋಕ್ತವಾದ ಆಟದ ಒಂದು ಅಂಗವೇ ಎಂದು ಅಲ್ಲಿ ಸಿದ್ಧವಾಯಿತು. ಏಕೆಂದರೆ ಒಳ್ಳೆಯ ಎಲೆ ಬಂದಾಗ ಮಾತ್ರ ಪಣ ಏರಿಸುವವನಿಗೆ ಎದುರಾಳಿಯು ಒಂದು ಬಿಲ್ಲೆಯನ್ನೂ ಕೊಡದೆ ಎಲೆ ಒಗೆಯುತ್ತಾನೆ, ಆಗಾಗ ಬರಿಗೈಯಿಂದಲೂ ಏರಿಸುವವನ ಒಳ್ಳೆಯ ಎಲೆಗೇ ಬೆಲೆ ಹುಟ್ಟುತ್ತದೆ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತುವೋಮಾಸ್ ಸ್ಯಾಂಡ್‌ಹೋಮ್, ನೋಮ್ ಬ್ರೌನ್ ಎಂಬವರು ನಿರ್ಮಿಸಿದ ಲಿಬ್ರೇಟಸ್ ಎಂಬ ಗಣಕವು ಇಬ್ಬರಾಟದಲ್ಲಿ ನುರಿತ ನಾಲ್ವರೊಡನೆ ಇಪ್ಪತ್ತು ದಿನ, ಒಟ್ಟು 1,20,000 ಆಟಗಳನ್ನಾಡಿ ಎಲ್ಲರನ್ನೂ ಸೋಲಿಸಿತು. ಆ ಗಣಕಕ್ಕೆ ಮುಖವಿಲ್ಲ, ಕಣ್ಣಿಲ್ಲ. ಆದರೂ ಅದು ನಿಯತವಾಗಿ ಬರಿಗೈಯಿಂದ ಪಣ ಏರಿಸುತ್ತಿತ್ತು.

ಇಲ್ಲಿ ಎರಡು ಸತ್ಯಗಳು ಅಕ್ಕಪಕ್ಕದಲ್ಲಿ ನಿಂತಿವೆ. ಲಕ್ಷ ಆಟಗಳಲ್ಲಿ ನೈಪುಣ್ಯವು ಗೆಲ್ಲುತ್ತದೆ, ಸಂಶಯವಿಲ್ಲ. ಒಂದು ರಾತ್ರಿಯ ಒಂದೇ ಆಟದಲ್ಲಿ ಎರಡು-ಮೂರು ಹಿಡಿದವನೂ ಗೆಲ್ಲಬಹುದು, ಅದಕ್ಕೂ ಸಂಶಯವಿಲ್ಲ. ಇಬ್ಬರೂ ಸಮಾನ ನಿಪುಣರಾದರೆ ಗೆಲ್ಲುವ ಸಂಭವವು ಅವರವರ ಬಿಲ್ಲೆಗಳ ಪಾಲಿನಷ್ಟೇ ಆಗುತ್ತದೆ. ಐದರಲ್ಲಿ ನಾಲ್ಕು ಪಾಲು ಹೊಂದಿದವನಿಗೆ ನೂರಕ್ಕೆ ಎಂಬತ್ತು. ಆದುದರಿಂದಲೇ ಕಡೆಯ ಇಬ್ಬರು ಎಷ್ಟೋ ಸಲ ಆಟ ನಿಲ್ಲಿಸಿ, ಬಿಲ್ಲೆಗಳ ಪ್ರಮಾಣಕ್ಕೆ ತಕ್ಕಂತೆ ಬಹುಮಾನವನ್ನು ಹಂಚಿಕೊಳ್ಳಲು ಒಪ್ಪುತ್ತಾರೆ. ನಡುವೆ ನಿಂತ ಜೂಜಿನ ಹಣವನ್ನು ಇಬ್ಬರಲ್ಲಿ ನ್ಯಾಯವಾಗಿ ಹಂಚುವ ಬಗೆ ಹೇಗೆಂದು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ನಡೆಸಿದ ಪತ್ರವ್ಯವಹಾರದಿಂದಲೇ ಸಂಭವಗಣಿತವೆಂಬ ಶಾಸ್ತ್ರ ತಲೆಯೆತ್ತಿತು.

ನೈಪುಣ್ಯವೋ ದೈವವೋ ಎಂಬ ಈ ಪ್ರಶ್ನೆ ನಮ್ಮ ನ್ಯಾಯಾಲಯಗಳನ್ನು ಕಾಡಿದ ಕತೆಗೂ ಮೊದಲಲ್ಲಿ ಹೇಳಿದ ನಾಲ್ಕು ತಾಲೂಕುಗಳಿಗೂ ಹಳೆಯದೊಂದು ನಂಟಿದೆ. 1956ರ ನವೆಂಬರ್ 1ರವರೆಗೆ ಅವುಗಳನ್ನೊಳಗೊಂಡ ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯದ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಪತ್ರಿಕೆಯು ಪದಬಂಧದ ಬಹುಮಾನ ಸ್ಪರ್ಧೆಗಳನ್ನು ನಡೆಸಿ ಮುಂಬಯಿ ರಾಜ್ಯದಲ್ಲಿಯೂ ವ್ಯಾಪಕವಾಗಿ ಪ್ರಸಾರವಾಗುತ್ತಿದ್ದುದರಿಂದ, ಮುಂಬಯಿ ಸರಕಾರವು ತನ್ನ 1948ರ ಕಾನೂನಿಗೆ 1952ರಲ್ಲಿ ತಿದ್ದುಪಡಿ ತಂದು ಅದರ ಮೇಲೆ ತೆರಿಗೆ ಹೂಡಿತು. ಪತ್ರಿಕೆಯ ಒಡೆಯ ಚಮರ್‌ಬಾಗವಾಲಾ ಹೂಡಿದ ವ್ಯಾಜ್ಯವು ಸುಪ್ರೀಂ ಕೋರ್ಟಿಗೆ ಏರಿ, 1957ರ ಏಪ್ರಿಲಿನಲ್ಲಿ ತೀರ್ಪಾಯಿತು: ಜೂಜು ಸಂವಿಧಾನವು ರಕ್ಷಿಸತಕ್ಕ ವ್ಯಾಪಾರವಲ್ಲ, ಗಣನೀಯವಾದ ನೈಪುಣ್ಯದಿಂದ ಗೆಲ್ಲುವ ಸ್ಪರ್ಧೆಯಾದರೋ ಜೂಜಲ್ಲ. 1967ರಲ್ಲಿ ಅದೇ ನ್ಯಾಯಾಲಯ ರಮ್ಮಿಯನ್ನು ಮುಖ್ಯವಾಗಿ ನೈಪುಣ್ಯದ ಆಟವೆಂದಿತು. ಪೋಕರಿನ ಬಗೆಗೆ ಮಾತ್ರ ಒಮ್ಮತ ಹುಟ್ಟಲಿಲ್ಲ. 2017ರಲ್ಲಿ ಗುಜರಾತ್ ಹೈಕೋರ್ಟು ಅದನ್ನು ಜೂಜೆಂದೇ ಎಣಿಸಿತು. ನಮ್ಮ ರಾಜ್ಯವು 1963ರ ಪೊಲೀಸ್ ಕಾಯಿದೆಗೆ 2021ರಲ್ಲಿ ತಂದ ತಿದ್ದುಪಡಿಯು ಹಣ ಹೂಡಿ ಆಡುವ ನೈಪುಣ್ಯದ ಆಟಗಳನ್ನೂ ನಿಷೇಧಿಸಿದಾಗ, ಕರ್ನಾಟಕ ಹೈಕೋರ್ಟು 2022ರ ಫೆಬ್ರವರಿ 14ರಂದು ಆ ವಿಧಿಗಳನ್ನು ರದ್ದುಪಡಿಸಿತು. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾನೂನು, ನೈಪುಣ್ಯವೋ ದೈವವೋ ಎಂಬ ಭೇದವನ್ನೇ ಬದಿಗಿಟ್ಟು, ಅಂತರ್ಜಾಲದಲ್ಲಿ ಹಣ ಹೂಡಿ ಆಡುವ ಆಟಗಳನ್ನೆಲ್ಲ ನಿಷೇಧಿಸಿತು. ಮೊಬೈಲಿನ ಆಟದಲ್ಲಿ ಹೊಲ ಮನೆಗಳನ್ನೇ ಕಳೆದುಕೊಂಡವರ ಸಂಸಾರಗಳನ್ನು ಬಲ್ಲವರು ಆ ನಿಷೇಧವನ್ನು ತೆಗಳಲಾರರು, ನಾನೂ ತೆಗಳುವುದಿಲ್ಲ. ಆಟದ ಬುದ್ಧಿ ಬೇರೆ, ಹಣದ ಆಸೆ ಬೇರೆ ಎಂಬುದು ನನ್ನ ದೃಢವಾದ ನಂಬಿಕೆ.

ಹಣವಿಲ್ಲದೆಯೇ ಇದರ ರುಚಿಯನ್ನು ನೋಡಬೇಕೆನ್ನುವವರು ಮನೆಯಲ್ಲಿ ಇಬ್ಬರೇ ಕುಳಿತು, ನೂರು ನೂರು ಹುಣಸೆಬೀಜಗಳನ್ನು ಎಣಿಸಿಕೊಂಡು ಆರಂಭಿಸಬಹುದು. ಮೊದಲು ಸಣ್ಣ ಬ್ಲೈಂಡಿಗೆ ಒಂದು ಬೀಜ, ದೊಡ್ಡದಕ್ಕೆ ಎರಡು. ಹತ್ತು ಹತ್ತು ಆಟಗಳಿಗೊಮ್ಮೆ ಎರಡನ್ನೂ ಇಮ್ಮಡಿ ಮಾಡುತ್ತ ಹೋಗತಕ್ಕದ್ದು. ಹಂಚುವ ಸ್ಥಾನ ತಮ್ಮದಾದಾಗ ಅರ್ಧಕ್ಕಿಂತ ಹೆಚ್ಚು ಕೈಗಳಲ್ಲಿ ಪಣ ಏರಿಸಿ ನೋಡಲಿ. ತಮ್ಮ ರಾಶಿಯು ದೊಡ್ಡ ಬ್ಲೈಂಡಿನ ಹತ್ತು ಪಟ್ಟಿಗಿಂತ ಕೆಳಕ್ಕಿಳಿದಾಗ, ಅಷ್ಟಿಷ್ಟು ಏರಿಸುವ ಚೌಕಾಶಿಯನ್ನು ಬಿಟ್ಟು, ಒಂದೋ ಇದ್ದ ಬೀಜಗಳನ್ನೆಲ್ಲ ಒಮ್ಮೆಗೇ ಮುಂದಿಡಲಿ, ಇಲ್ಲವೆ ಎಲೆಯನ್ನು ಒಗೆಯಲಿ.