ನಮ್ಮ ಮನೆಯ ಅಜ್ಜಿ

ಕಳೆದ ಆಟಿ ತಿಂಗಳ ಒಂದು ಮಳೆಯ ಬೆಳಗ್ಗೆ ನಮ್ಮ ಅಜ್ಜಿ ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿ ತಿಳಿದು ಬಂದವರು ಅಂಗಳದಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ ಹೀಗೆ ನಾಲ್ಕು ಭಾಷೆಗಳಲ್ಲಿ ಅವರ ಗುಣಗಾನ ಮಾಡಿದರು. ಸಪ್ತಭಾಷೆಗಳ ಈ ನೆಲದಲ್ಲಿ ಅದೇನೂ ವಿಶೇಷವಲ್ಲ. ಆದರೆ ಅವರೆಲ್ಲರೊಡನೆ ಅವರವರ ಮಾತಿನಲ್ಲೇ ಕಷ್ಟಸುಖ ಹಂಚಿಕೊಂಡಿದ್ದ ಅಜ್ಜಿ ಕೊನೆಯವರೆಗೂ ರುಜು ಹಾಕಿದ್ದು ಮಾತ್ರ ಕನ್ನಡದಲ್ಲಿ.

ಅಜ್ಜಿ ಹುಟ್ಟಿದ್ದು 1934ರಲ್ಲಿ. ಆಗ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಐದನೇ ತರಗತಿಯವರೆಗೆ ಕನ್ನಡ ಶಾಲೆ, 16ಕ್ಕೆ ಮದುವೆ. 1956ರ ನವೆಂಬರ್ 1ರಂದು ನಮ್ಮೂರು ಕೇರಳಕ್ಕೆ ಸೇರಿದಾಗ ಅವರ ಕಂಕುಳಲ್ಲಿ ಆರು ತಿಂಗಳ ಎರಡನೆಯ ಮಗು. ಪೇಟೆಯಿಂದ ಬಂದು ಜಗಲಿಯಲ್ಲಿ ತಲೆಗೆ ಕೈಹೊತ್ತು ಕುಳಿತ ಅಜ್ಜನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಇನ್ನು ಮಕ್ಕಳಿಗೆ ಪಾಠ ಯಾವ ಭಾಷೆಯಲ್ಲಿ?"

ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿದಾಗ ಅಜ್ಜ ಮನೆಯಲ್ಲಿ ಪಾಯಸ ಮಾಡಿಸಿದರು. ಶಿಫಾರಸು ಜಾರಿಗೆ ಬರಲಿಲ್ಲ. "ರಾಜ್ಯ ಬರುವಾಗ ಬರಲಿ, ಮಕ್ಕಳ ಓದು ಕಾಯುತ್ತದೆಯೇ? ನೀವು ಪುಸ್ತಕ ತನ್ನಿ" ಎಂದರು ಅಜ್ಜಿ. ಐದು ಮಕ್ಕಳೂ ಗದ್ದೆಯ ಹುಣಿ ದಾಟಿ, ಎರಡು ಮೈಲಿ ನಡೆದು ಕನ್ನಡ ಶಾಲೆಯಲ್ಲೇ ಓದಿದೆವು.

ಬೆಳಗಿನ ನಾಲ್ಕು ಗಂಟೆಗೆ ಅವರ ದಿನ ಆರಂಭ. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದ ಸುರಂಗದ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳದ ಮೂಲೆಗೆ ಬೀಳುತ್ತಿತ್ತು. ಆ ಸದ್ದಿನಲ್ಲೇ ನಮಗೆ ಎಚ್ಚರ. ಕೊಟ್ಟಿಗೆ, ಅಡಿಗೆ, ಮಧ್ಯಾಹ್ನದ ಮೇಲೆ ಅಡಿಕೆ ಸುಲಿಯುವುದು. ಬೇಸಗೆಯಲ್ಲಿ ಹಲಸಿನ ಹಪ್ಪಳ, ಮಳೆಗಾಲಕ್ಕೆ ಭರಣಿಯಲ್ಲಿ ಉಪ್ಪು ಹಾಕಿಟ್ಟ ಸೊಳೆ. ಇಷ್ಟರ ನಡುವೆಯೂ ಮಧ್ಯಾಹ್ನದ ಬಸ್ಸಿನಲ್ಲಿ ಬರುವ ಕನ್ನಡ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದದೆ ಅವರು ಮಲಗಿದವರಲ್ಲ. ಅಜ್ಜನ ಕಣ್ಣು ಮಂಜಾದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಒಮ್ಮೆ ಸರಕಾರಿ ಕಚೇರಿಯೊಂದರಿಂದ ಜಾಗದ ವಿಚಾರವಾಗಿ ಮಲಯಾಳದಲ್ಲಿ ನೋಟೀಸು ಬಂತು. ಓದಬಲ್ಲವರು ಮನೆಯಲ್ಲಿರಲಿಲ್ಲ. ಅದನ್ನು ಓದಿಸಿಕೊಳ್ಳುವಷ್ಟರಲ್ಲಿ ಉತ್ತರಿಸುವ ಅವಧಿ ಮುಗಿದು, ಅಜ್ಜ ವರ್ಷಗಟ್ಟಲೆ ಅಲೆಯಬೇಕಾಯಿತು. ಅಜ್ಜಿ ಯಾರನ್ನೂ ಬೈಯಲಿಲ್ಲ. ನೆರೆಮನೆಯ ಹುಡುಗನ ಒಂದನೇ ತರಗತಿಯ ಮಲಯಾಳ ಪುಸ್ತಕವನ್ನು ಕೇಳಿ ತಂದು, ಅವನ ತಾಯಿಯ ಬಳಿ ಕುಳಿತು, 60ನೆಯ ವಯಸ್ಸಿನಲ್ಲಿ ಅಕ್ಷರ ತಿದ್ದಿದರು. ಮರುವರ್ಷ ಬಂದ ಕಾಗದವನ್ನು ತಾವೇ ಓದಿದರು. ಉತ್ತರ ಬರೆಯಿಸಿ ರುಜು ಹಾಕುವಾಗ, "ಮಲಯಾಳದಲ್ಲೇ ಹಾಕಬಹುದಲ್ಲ ಅಮ್ಮಾ?" ಎಂದೆವು. "ಓದಲು ಬರಬೇಕು ಮಕ್ಕಳೇ, ಇಲ್ಲದಿದ್ದರೆ ಮೋಸ ಹೋಗುತ್ತೇವೆ. ಆದರೆ ನನ್ನ ಹೆಸರು ಇರುವುದು ಕನ್ನಡದಲ್ಲಿ" ಎಂದರು. ಅಕ್ಷರ ಕಲಿಸಿದ ಆ ನೆರೆಯಾಕೆ ಅಜ್ಜಿ ತೀರಿಕೊಂಡ ದಿನ ನಮ್ಮೆಲ್ಲರಿಗಿಂತ ಹೆಚ್ಚು ಅತ್ತರು.

ಹದಿಮೂರನೆಯ ದಿನದ ಸಂಜೆ, ನೆಂಟರೆಲ್ಲ ಹೋದ ಮೇಲೆ ಅಜ್ಜಿಯ ಮರದ ಪೆಟ್ಟಿಗೆ ತೆರೆದೆವು. ಎರಡು ಸೀರೆ, ಅಜ್ಜನ ಕನ್ನಡಕ, ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ. ಅದರಲ್ಲಿ ಅವರ ಅಮ್ಮನಿಂದ ಕಲಿತ ಶೋಭಾನೆ ಹಾಡುಗಳು, ಬಾಣಂತಿ ಮದ್ದಿನ ಅಳತೆಗಳು, ನಾವು ಒಬ್ಬೊಬ್ಬರೂ ಹುಟ್ಟಿದ ದಿನ, ನಕ್ಷತ್ರ. ಕೊನೆಯ ಪುಟದಲ್ಲಿ ನಡುಗುವ ಅಕ್ಷರದಲ್ಲಿ ಮರಿಮಗಳ ಹೆಸರು. ಹತ್ತು ವರ್ಷದ ಆ ಮಗು ಪುಟವನ್ನು ಅತ್ತಿತ್ತ ತಿರುಗಿಸಿ, "ಇದರಲ್ಲಿ ಏನು ಬರೆದಿದೆ?" ಎಂದು ಕೇಳಿತು. ಅದು ತನ್ನದೇ ಹೆಸರೆಂದು ಮಗುವಿಗೆ ತಿಳಿಯಲಿಲ್ಲ.

ನಾವು ಯಾರೂ ಮಾತನಾಡಲಿಲ್ಲ. ಆ ಮಗುವನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದವರು ನಾವು. ಬಸ್ಸು ಮನೆ ಬಾಗಿಲಿಗೆ ಬರುತ್ತದೆಂಬುದು ನಮ್ಮ ಕಾರಣವಾಗಿತ್ತು. 2017ರ ಕಾನೂನಿನಿಂದ ಮಲಯಾಳ ಕಡ್ಡಾಯವಾದಾಗ ಸಭೆಗಳಿಗೆ ಹೋಗಿ ಚಪ್ಪಾಳೆ ತಟ್ಟಿದ ನಾವೇ, ಮನೆಯಲ್ಲಿ ಅ ಆ ಇ ಈ ತಿದ್ದಿಸುವುದನ್ನು ಮರೆತಿದ್ದೆವು. ಸರಕಾರದಿಂದ ಆದ ಅನ್ಯಾಯ ಬೇರೆ. ಇದು ನಮ್ಮದೇ ಕೈಯಿಂದ ಆದದ್ದು.

ಅಂದಿನಿಂದ ಪ್ರತಿ ಆದಿತ್ಯವಾರ ಮಗುವಿಗೆ ಪಾಠ. ಈಗ ಒತ್ತಕ್ಷರದವರೆಗೆ ಬಂದಿದ್ದೇವೆ. ಅಜ್ಜಿಯ ಪುಸ್ತಕದ ಮೊದಲ ಹಾಡನ್ನು ತಡವರಿಸುತ್ತಾ ಓದಿದ ದಿನ, "ಈ ಹಾಡಿನ ರಾಗ ಯಾವುದು?" ಎಂದು ಮಗು ಕೇಳಿತು. ಅದನ್ನು ಹೇಳಬಲ್ಲವರು ಈಗ ನಮ್ಮ ಮನೆಯಲ್ಲಿ ಇಲ್ಲ.

ಓದುಗ ಬಾಂಧವರೇ, ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂತಹ ಪುಸ್ತಕವೊಂದು ಇರಬಹುದು. ಬರೆದ ಕೈಗಳು ಇರುವಾಗಲೇ ಅದನ್ನು ತೆರೆಯಿರಿ. ಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಒಮ್ಮೆ ಹಾಡಿಸಿರಿ.