ಅರಸೊತ್ತಿಗೆ, ಧರ್ಮ ಮತ್ತು ಪಾರ್ಲಿಮೆಂಟು: ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಧಿಕಾರದ ಪರಿಭಾಷೆ

ಮಿಲ್ಟನ್ ಕವಿಯ ಹೆಸರು ಕನ್ನಡ ಅಧ್ಯಾಪಕರಿಗೆ ಅಪರಿಚಿತವಲ್ಲ. ಮಹಾಕಾವ್ಯದ ಲಕ್ಷಣಗಳನ್ನು ಕುರಿತು ಚರ್ಚಿಸುವಾಗ ಹೋಮರ್, ವರ್ಜಿಲ್ ಅವರ ಸಾಲಿನಲ್ಲಿ ಅವನ ಹೆಸರು ಬಂದೇ ಬರುತ್ತದೆ. ಆದರೆ ಈ ಕವಿ ತನ್ನ ನಡುವಯಸ್ಸಿನ ಸುಮಾರು ಇಪ್ಪತ್ತು ವರ್ಷಗಳನ್ನು ಬಹುಮಟ್ಟಿಗೆ ಗದ್ಯದ ವಾದಗ್ರಂಥಗಳಿಗೆ ಮೀಸಲಿಟ್ಟನೆಂಬುದು, ಅರಸನೊಬ್ಬನ ಶಿರಚ್ಛೇದವನ್ನು ಬಹಿರಂಗವಾಗಿ ಸಮರ್ಥಿಸಿದನೆಂಬುದು ನಮ್ಮ ತರಗತಿಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ. ಅವನನ್ನು ಹಾಗೆ ಬರೆಯಿಸಿದ ಕಾಲದ ಸಂಘರ್ಷ ಯಾವುದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಗ್ಲೆಂಡಿನ ಅರಸೊತ್ತಿಗೆ ಮತ್ತು ಪಾರ್ಲಿಮೆಂಟುಗಳ ನಡುವಣ ಈ ಸಂಘರ್ಷವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವಿವರಿಸಲಾಗುತ್ತದೆ. ಒಂದು ವಿವರಣೆಯ ಪ್ರಕಾರ ಅದು ತೆರಿಗೆ ಮತ್ತು ಕಾನೂನಿಗೆ ಸಂಬಂಧಿಸಿದ ರಾಜಕೀಯ ಹೋರಾಟ. ಇನ್ನೊಂದರ ಪ್ರಕಾರ ಪ್ಯೂರಿಟನ್ ಪಂಥದವರ ಧಾರ್ಮಿಕ ಬಂಡಾಯ. ಈ ವಿಂಗಡಣೆ ಅನುಕೂಲಕರವಾದರೂ ಪೂರ್ಣಸತ್ಯವಲ್ಲ. ಅಂದಿನ ಜನರಿಗೆ ಧರ್ಮ ಮತ್ತು ರಾಜಕಾರಣಗಳು ಎರಡು ಬೇರೆ ಕ್ಷೇತ್ರಗಳಾಗಿರಲಿಲ್ಲ. ಅಧಿಕಾರದ ಮೂಲ ಯಾವುದು, ಅದನ್ನು ಅರ್ಥೈಸುವ ಹಕ್ಕು ಯಾರದು ಎಂಬ ಒಂದೇ ಪ್ರಶ್ನೆ ಎರಡೂ ಕಡೆ ಕೆಲಸ ಮಾಡುತ್ತಿತ್ತು. ಇನ್ನೂ ಒಂದು ಸಂಗತಿ ಭಾಷೆಯ ಅಭ್ಯಾಸಿಗಳ ಗಮನಕ್ಕೆ ಬರಬೇಕು. ಉಭಯ ಪಕ್ಷಗಳೂ ಕಾನೂನು, ಅರಸ, ಚರ್ಚು, ದ್ರೋಹ ಎಂಬ ಅವೇ ಪದಗಳನ್ನು ಬಳಸುತ್ತಿದ್ದವು. ಬದಲಾದದ್ದು ಆ ಪದಗಳ ಅರ್ಥ. ಕಾದಾಟ ನಡೆದದ್ದು ಆ ಅರ್ಥದ ಮೇಲಿನ ಒಡೆತನಕ್ಕಾಗಿ.

1. ಹಿನ್ನೆಲೆ

ಸಂಘರ್ಷದ ಬೀಜವನ್ನು ಬಿತ್ತಿದವನು ಅರಸನೇ. ಎಂಟನೆಯ ಹೆನ್ರಿ 1534ರಲ್ಲಿ ರೋಮಿನ ಪೋಪನ ಅಧಿಕಾರವನ್ನು ನಿರಾಕರಿಸಿ ಇಂಗ್ಲೆಂಡಿನ ಚರ್ಚಿನ ಪರಮಾಧಿಪತಿಯಾದನು. ಆದರೆ ಆ ಪದವಿಯನ್ನು ಕಾನೂನುಬದ್ಧವಾಗಿ ಸ್ಥಾಪಿಸಲು ಅವನು ಬಳಸಿದ್ದು ಪಾರ್ಲಿಮೆಂಟಿನ ಶಾಸನವನ್ನು. 1559ರಲ್ಲಿ ರಾಣಿ ಎಲಿಜಬೆತ್ ಚರ್ಚಿನ ಮೇಲಿನ ಅಧಿಕಾರವನ್ನು ಪುನಃ ಪಡೆದದ್ದೂ ಹೀಗೆಯೇ. ಅರಸನ ದೃಷ್ಟಿಯಲ್ಲಿ ಶಾಸನವು ದೈವದತ್ತವಾದ ಅಧಿಕಾರವನ್ನು ಘೋಷಿಸಿತ್ತಷ್ಟೆ. ಪಾರ್ಲಿಮೆಂಟಿನ ಅನೇಕ ಸದಸ್ಯರ ದೃಷ್ಟಿಯಲ್ಲಿ, ಶಾಸನದಿಂದ ಸ್ಥಾಪಿತವಾದ ಧರ್ಮದ ವಿಷಯದಲ್ಲಿ ಮಾತನಾಡುವ ಹಕ್ಕು ಶಾಸನಸಭೆಗೂ ಇತ್ತು. ಈ ಅರ್ಥಭೇದ ಹಲವು ದಶಕಗಳ ಕಾಲ ಬಗೆಹರಿಯದೆ ಉಳಿಯಿತು.

2. ಹಕ್ಕೋ, ಅನುಗ್ರಹವೋ

1603ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಜೇಮ್ಸ್ ವಿದ್ವಾಂಸನೂ ಗ್ರಂಥಕರ್ತನೂ ಆಗಿದ್ದನು. ಅರಸನು ದೇವರಿಗೆ ಮಾತ್ರ ಉತ್ತರದಾಯಿ ಎಂಬುದು ಅವನ ಸಿದ್ಧಾಂತ. 1604ರ ಹ್ಯಾಂಪ್ಟನ್ ಕೋರ್ಟ್ ಸಮಾಲೋಚನೆಯಲ್ಲಿ ಪ್ಯೂರಿಟನ್ನರ ಬೇಡಿಕೆಗಳನ್ನು ಆಲಿಸಿದ ಅವನು, ಬಿಷಪ್ಪರಿಲ್ಲದ ಚರ್ಚು ಕೊನೆಗೆ ಅರಸನಿಲ್ಲದ ರಾಜ್ಯಕ್ಕೆ ದಾರಿಯಾಗುತ್ತದೆಂದು ಎಚ್ಚರಿಸಿದನು. ಅದೇ ಸಭೆಯಲ್ಲಿ ಹುಟ್ಟಿದ ಯೋಜನೆ 1611ರ ಅಧಿಕೃತ ಬೈಬಲ್ ಅನುವಾದ. ಆವರೆಗೆ ಜನಪ್ರಿಯವಾಗಿದ್ದ ಜಿನೀವಾ ಬೈಬಲಿನ ಅಂಚಿನ ಟಿಪ್ಪಣಿಗಳಲ್ಲಿ ಅರಸರಿಗೆ ಅವಿಧೇಯರಾಗುವುದನ್ನು ಸಮರ್ಥಿಸುವ ಧ್ವನಿಯಿದೆ ಎಂಬುದು ಜೇಮ್ಸನ ಆಕ್ಷೇಪವಾಗಿತ್ತು. ಹೊಸ ಅನುವಾದದಲ್ಲಿ ಅಂಥ ವ್ಯಾಖ್ಯಾನ ಟಿಪ್ಪಣಿಗಳಿಗೆ ಅವಕಾಶವಿರಲಿಲ್ಲ. ಇಂಗ್ಲಿಶ್ ಗದ್ಯದ ಶ್ರೇಷ್ಠ ಕೃತಿಯೊಂದರ ಹುಟ್ಟಿನಲ್ಲಿಯೇ, ಪವಿತ್ರಗ್ರಂಥವನ್ನು ವ್ಯಾಖ್ಯಾನಿಸುವವರು ಯಾರು ಎಂಬ ರಾಜಕೀಯ ಪ್ರಶ್ನೆಯೂ ಸೇರಿತ್ತೆಂಬುದು ಗಮನಾರ್ಹ.

1621ರಲ್ಲಿ ಅದೇ ಪ್ರಶ್ನೆ ಸಭಾಮಂದಿರವನ್ನು ಪ್ರವೇಶಿಸಿತು. ವಿದೇಶಾಂಗ ನೀತಿ ಮತ್ತು ಯುವರಾಜನ ವಿವಾಹವನ್ನು ಕುರಿತು ಕಾಮನ್ಸ್ ಸಭೆ ಚರ್ಚಿಸಕೂಡದೆಂದು ಜೇಮ್ಸ್ ತಡೆದನು. ಸಭೆಯ ಸವಲತ್ತುಗಳು ಹಿಂದಿನ ಅರಸರ ಅನುಗ್ರಹದಿಂದ ಬಂದವು ಎಂದು ಅವನ ವಾದ. ಅವು ಪ್ರಜೆಗಳ ಪ್ರಾಚೀನವಾದ ಜನ್ಮಸಿದ್ಧ ಹಕ್ಕು ಎಂದು ಸಭೆಯ ಪ್ರತಿವಾದ. ಸಭೆ ಡಿಸೆಂಬರಿನಲ್ಲಿ ಈ ಪ್ರತಿವಾದವನ್ನು ತನ್ನ ನಡಾವಳಿ ಪುಸ್ತಕದಲ್ಲಿ ದಾಖಲಿಸಿತು. ಜೇಮ್ಸ್ ಆ ಪುಸ್ತಕವನ್ನು ತರಿಸಿ ಆ ಪುಟವನ್ನು ತನ್ನ ಕೈಯಾರೆ ಹರಿದುಹಾಕಿದನು. ಅನುಗ್ರಹವಾದರೆ ಕೊಟ್ಟವನು ಹಿಂಪಡೆಯಬಹುದು, ಹಕ್ಕಾದರೆ ಹಾಗಲ್ಲ. ಇಡೀ ಶತಮಾನದ ಕಲಹ ಈ ಎರಡು ಪದಗಳ ನಡುವಣ ಅಂತರದಲ್ಲಿ ಅಡಗಿತ್ತು.

1625ರಲ್ಲಿ ಪಟ್ಟವೇರಿದ ಒಂದನೆಯ ಚಾರ್ಲ್ಸ್, ತಂದೆ ವಾದಿಸಿದ್ದನ್ನು ಆಚರಣೆಗೆ ತರಲು ಹೊರಟನು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಬಲವಂತದ ಸಾಲ ವಸೂಲು ಮಾಡಿ, ಕೊಡದವರನ್ನು ಕಾರಣ ತಿಳಿಸದೆ ಸೆರೆಗೆ ಹಾಕಿಸಿದನು. ಇದಕ್ಕೆ ಉತ್ತರವಾಗಿ ಬಂದದ್ದು 1628ರ ಹಕ್ಕುಗಳ ಬಿನ್ನಹ. ಸಮ್ಮತಿಯಿಲ್ಲದ ತೆರಿಗೆ, ಕಾರಣವಿಲ್ಲದ ಬಂಧನ, ಜನರ ಮನೆಗಳಲ್ಲಿ ಸೈನಿಕರನ್ನು ಇರಿಸುವುದು, ಸೈನಿಕ ಕಾನೂನಿನ ದುರ್ಬಳಕೆ ಇವು ನಾಲ್ಕನ್ನೂ ಅದು ಪ್ರತಿಭಟಿಸಿತು. ಚಾರ್ಲ್ಸ್ ಮೊದಲು ಇದಕ್ಕೆ ನುಣುಚಿಕೊಳ್ಳುವ ಉತ್ತರವೊಂದನ್ನು ಕೊಟ್ಟನು. ಸಭೆ ಅದನ್ನು ಒಪ್ಪಲಿಲ್ಲ. ಇಂಥ ಬಿನ್ನಹಕ್ಕೆ ಸಲ್ಲುವ ಸಾಂಪ್ರದಾಯಿಕ ಫ್ರೆಂಚ್ ಸೂತ್ರವಾಕ್ಯವನ್ನೇ ಅರಸ ನುಡಿಯಬೇಕೆಂದು ಪಟ್ಟುಹಿಡಿಯಿತು. ಜೂನ್ 7ರಂದು ಅವನು ಹಾಗೆಯೇ ಮಾಡಿದ ಮೇಲೆ ಲಂಡನ್ನಿನಲ್ಲಿ ಸಂಭ್ರಮ ಹಬ್ಬಿತು. ಜನರ ಆಡುನುಡಿಯಲ್ಲದ ಭಾಷೆಯೊಂದರ ಕೆಲವೇ ಪದಗಳು ಜನರ ಹಕ್ಕಿಗೆ ಮುದ್ರೆಯೊತ್ತಬೇಕಾಗಿತ್ತು.

3. ಮೇಜೋ, ಬಲಿಪೀಠವೋ

ಇದೇ ಅವಧಿಯಲ್ಲಿ ಚರ್ಚಿನ ಒಳಗೂ ಅರ್ಥದ ಕಲಹ ನಡೆದಿತ್ತು. ದೇವರು ತಾನು ಉದ್ಧರಿಸಬೇಕಾದವರನ್ನು ಮೊದಲೇ ಆರಿಸಿದ್ದಾನೆ ಎಂಬ ಕ್ಯಾಲ್ವಿನನ ಸಿದ್ಧಾಂತವನ್ನು ಬಹುಪಾಲು ಇಂಗ್ಲಿಶ್ ಪ್ರಾಟೆಸ್ಟೆಂಟ್ ವಿದ್ವಾಂಸರು ಒಪ್ಪಿದ್ದರು. ದೈವಕೃಪೆಯನ್ನು ಸ್ವೀಕರಿಸುವಲ್ಲಿ ಮನುಷ್ಯನ ಇಚ್ಛೆಗೂ ಪಾತ್ರವಿದೆ ಎನ್ನುವವರನ್ನು ಆರ್ಮಿನಿಯನ್ನರೆಂದು ಕರೆಯಲಾಗುತ್ತಿತ್ತು. ಚಾರ್ಲ್ಸ್ ಈ ಎರಡನೆಯವರನ್ನು ಪೋಷಿಸಿದನು. 1633ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ವಿಲಿಯಂ ಲಾಡ್ ವಿಧಿ, ಉಡುಪು, ಸಂಗೀತಗಳಿಗೆ ಹೆಚ್ಚಿನ ಪ್ರಾಧಾನ್ಯ ಕೊಟ್ಟನು. ಚರ್ಚಿನಲ್ಲಿದ್ದ ಪ್ರಭುಭೋಜನದ ಮೇಜನ್ನು ಪೂರ್ವದ ತುದಿಗೆ ಸರಿಸಿ ಸುತ್ತಲೂ ಕಟಕಟೆ ಹಾಕಿಸಲಾಯಿತು. ಪ್ಯೂರಿಟನ್ನರಿಗೆ ಇದು ಬರಿಯ ಜಾಗದ ಬದಲಾವಣೆಯಾಗಿ ಕಾಣಲಿಲ್ಲ. ಭಕ್ತರೆಲ್ಲ ಸುತ್ತ ಸೇರಬಹುದಾಗಿದ್ದ ಮೇಜು, ಪುರೋಹಿತನು ಮಾತ್ರ ಸಮೀಪಿಸಬಹುದಾದ ಬಲಿಪೀಠವಾಗಿತ್ತು. ವಸ್ತು ಅದೇ, ಹೆಸರು ಬೇರೆ. ಹೆಸರಿನೊಡನೆ ಭಕ್ತ ಮತ್ತು ಪುರೋಹಿತರ ಸಂಬಂಧವೂ ಬೇರೆಯಾಗುತ್ತಿತ್ತು. ರಾಣಿ ಹೆನ್ರಿಯೆಟ್ಟಾ ಮರಿಯಾ ಕ್ಯಾಥೊಲಿಕಳಾಗಿದ್ದುದು ಈ ಸಂಶಯವನ್ನು ಬಲಪಡಿಸಿತು.

ಎರಡು ಧಾರೆಗಳು ಒಂದಾದ ಗಳಿಗೆ 1629ರ ಮಾರ್ಚ್ 2. ಸಭೆಯನ್ನು ಮುಂದೂಡಲು ಅರಸನ ಆಜ್ಞೆ ಬಂದಾಗ ಡೆನ್ಜಿಲ್ ಹೋಲ್ಸ್ ಮತ್ತು ಬೆಂಜಮಿನ್ ವ್ಯಾಲೆಂಟೈನ್ ಎಂಬ ಸದಸ್ಯರು ಏಳಲೆತ್ನಿಸಿದ ಸ್ಪೀಕರನನ್ನು ಅವನ ಪೀಠದಲ್ಲಿಯೇ ಒತ್ತಿಹಿಡಿದರು. ಆಗ ಮೂರು ನಿರ್ಣಯಗಳು ಅಂಗೀಕೃತವಾದವು: ಧರ್ಮದಲ್ಲಿ ನವೀನ ಆಚರಣೆ ತರುವವನು, ಸಮ್ಮತಿಯಿಲ್ಲದ ಸುಂಕ ವಸೂಲಿಗೆ ಸಲಹೆ ಕೊಡುವವನು, ಅಂಥ ಸುಂಕವನ್ನು ತಾನಾಗಿ ತೆರುವವನು ಈ ಮೂವರೂ ದೇಶದ್ರೋಹಿಗಳು. ಪಾಪನಿವಾರಣೆಯ ಸಿದ್ಧಾಂತವನ್ನೂ ಬಂದರಿನ ಸುಂಕವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ನಿರ್ಣಯಗಳು, ಧರ್ಮ ಮತ್ತು ರಾಜಕಾರಣಗಳನ್ನು ಬೇರ್ಪಡಿಸುವ ವಿವರಣೆಗಳ ಮಿತಿಯನ್ನು ತೋರಿಸುತ್ತವೆ. ಅನಂತರ ಹನ್ನೊಂದು ವರ್ಷ ಚಾರ್ಲ್ಸ್ ಪಾರ್ಲಿಮೆಂಟನ್ನು ಕರೆಯಲೇ ಇಲ್ಲ.

4. ಪ್ರಾರ್ಥನೆಯಿಂದ ಯುದ್ಧಕ್ಕೆ

ಈ ಮೌನವನ್ನು ಮುರಿದದ್ದು ಒಂದು ಪುಸ್ತಕ. ಚಾರ್ಲ್ಸನು ಸ್ಕಾಟ್ಲೆಂಡಿಗೂ ಅರಸನಾಗಿದ್ದನು. ಅಲ್ಲಿನ ಚರ್ಚಿನ ಸಂಪ್ರದಾಯ ಭಿನ್ನವಾಗಿದ್ದರೂ ಇಂಗ್ಲಿಶ್ ಮಾದರಿಯ ಹೊಸ ಪ್ರಾರ್ಥನಾ ಪುಸ್ತಕವನ್ನು ಅವನು ಹೇರಿದನು. 1637ರ ಜುಲೈ 23ರಂದು ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಅದನ್ನು ಓದಲು ತೊಡಗಿದೊಡನೆ ದೊಂಬಿಯೆದ್ದಿತು. ಮರುವರ್ಷ ಸ್ಕಾಟರು ರಾಷ್ಟ್ರೀಯ ಒಡಂಬಡಿಕೆಗೆ ಸಹಿಹಾಕಿದರು. 1639 ಮತ್ತು 1640ರಲ್ಲಿ ಯುದ್ಧಗಳಾದವು. ಯುದ್ಧಕ್ಕೆ ಹಣ ಬೇಕು. ಹಣಕ್ಕೆ ಪಾರ್ಲಿಮೆಂಟು ಬೇಕು. 1640ರ ನವೆಂಬರ್ 3ರಂದು ಸೇರಿದ ಸಭೆಯೇ ಮುಂದೆ ದೀರ್ಘ ಪಾರ್ಲಿಮೆಂಟ್ ಎಂದು ಹೆಸರಾಯಿತು.

ಈ ಸಭೆ 1641ರಲ್ಲಿ ಸ್ಟಾರ್ ಚೇಂಬರ್ ಮತ್ತು ಹೈಕಮಿಷನ್ ಎಂಬ ವಿಶೇಷ ನ್ಯಾಯಾಲಯಗಳನ್ನು ರದ್ದುಪಡಿಸಿತು. ಅದರೊಡನೆ ಮುದ್ರಣದ ಮೇಲಿದ್ದ ಹಳೆಯ ಹಿಡಿತವೂ ಕಳಚಿತು. ಜಾರ್ಜ್ ಥಾಮಸನ್ ಎಂಬ ಲಂಡನ್ನಿನ ಪುಸ್ತಕ ವ್ಯಾಪಾರಿ 1640ರಿಂದ 1661ರವರೆಗೆ ಸಂಗ್ರಹಿಸಿದ ಕರಪತ್ರ, ವಾರ್ತಾಪತ್ರ, ಪುಸ್ತಕಗಳ ಸಂಖ್ಯೆ 22,000ವನ್ನು ಮೀರುತ್ತದೆ. 1641ರ ನವೆಂಬರಿನಲ್ಲಿ ಅರಸನ ಆಡಳಿತದ ದೋಷಗಳನ್ನು ಪಟ್ಟಿಮಾಡಿದ ಮಹಾ ಆಕ್ಷೇಪಣೆ ಕೇವಲ 11 ಮತಗಳ ಅಂತರದಿಂದ, 159ಕ್ಕೆ 148ರಂತೆ, ಅಂಗೀಕಾರವಾಯಿತು. ಅದನ್ನು ಅಚ್ಚುಹಾಕಬೇಕೆಂಬ ಸಲಹೆ ವಿಶೇಷ ಕೋಲಾಹಲಕ್ಕೆ ಕಾರಣವಾಯಿತು. ಅರಸನಿಗೆ ಸಲ್ಲಬೇಕಾದ ದೂರನ್ನು ಜನರ ಕೈಗೆ ಕೊಡುವುದೆಂದರೆ ತೀರ್ಪುಗಾರನನ್ನೇ ಬದಲಿಸಿದಂತೆ ಎಂಬುದು ವಿರೋಧಿಗಳಿಗೆ ಅರ್ಥವಾಗಿತ್ತು.

1642ರ ಜನವರಿ 4ರಂದು ಚಾರ್ಲ್ಸ್ ಐವರು ಸದಸ್ಯರನ್ನು ಬಂಧಿಸಲು ಸಶಸ್ತ್ರರೊಡನೆ ಕಾಮನ್ಸ್ ಸಭೆಗೆ ತಾನೇ ನುಗ್ಗಿದನು. ಅವರು ಅಷ್ಟರಲ್ಲಿ ತಪ್ಪಿಸಿಕೊಂಡಿದ್ದರು. ಅವರೆಲ್ಲಿ ಎಂದು ಅರಸ ಕೇಳಿದಾಗ ಸ್ಪೀಕರ್ ಲೆಂಥಾಲ್ ಮೊಣಕಾಲೂರಿ, ಸಭೆ ಆಜ್ಞಾಪಿಸದ ಹೊರತು ತನಗೆ ಈ ಸ್ಥಳದಲ್ಲಿ ನೋಡುವ ಕಣ್ಣಾಗಲಿ ಆಡುವ ನಾಲಗೆಯಾಗಲಿ ಇಲ್ಲವೆಂದು ವಿನಯದಿಂದ ಉತ್ತರಿಸಿದನು. ಭಂಗಿ ಪ್ರಜೆಯದು, ಮಾತು ಸಂಸ್ಥೆಯದು. ಅದೇ ಆಗಸ್ಟ್ 22ರಂದು ಅರಸ ನಾಟಿಂಗ್‌ಹ್ಯಾಮಿನಲ್ಲಿ ಯುದ್ಧಧ್ವಜವನ್ನು ಏರಿಸಿದನು.

5. ದ್ರೋಹವೆಂಬ ಪದದ ಪಲ್ಲಟ

ಪಾರ್ಲಿಮೆಂಟು ಅರಸನ ಮೇಲೆ ಸೈನ್ಯ ಕೂಡಿಸಿದ್ದೂ ಅರಸನ ಹೆಸರಿನಲ್ಲಿಯೇ. ಅರಸನೆಂಬ ವ್ಯಕ್ತಿ ಬೇರೆ, ಅರಸುತನವೆಂಬ ಪದವಿ ಬೇರೆ. ವ್ಯಕ್ತಿ ದಾರಿತಪ್ಪಿದಾಗ ಪದವಿಯ ಅಧಿಕಾರ ಪಾರ್ಲಿಮೆಂಟಿನ ಮೂಲಕ ವ್ಯಕ್ತವಾಗುತ್ತದೆ ಎಂಬುದು ಅದರ ತರ್ಕ. ಈ ತರ್ಕದ ಕೊನೆಯ ಹಂತ 1649ರ ವಿಚಾರಣೆ. ಆವರೆಗೆ ರಾಜದ್ರೋಹವೆಂದರೆ ಪ್ರಧಾನವಾಗಿ ಅರಸನ ವಿರುದ್ಧದ ಅಪರಾಧ. ಈಗ ಅರಸನೇ, ತನ್ನ ಜನರ ಮೇಲೆ ಯುದ್ಧ ಹೂಡಿದ ದ್ರೋಹಿಯೆಂದು ಆಪಾದಿತನಾದನು. ಯಾವ ಕಾನೂನಿನ ಅಧಿಕಾರದಿಂದ ತನ್ನನ್ನು ವಿಚಾರಿಸುತ್ತೀರಿ ಎಂದು ಕೇಳಿದ ಚಾರ್ಲ್ಸ್, ಆಪಾದನೆಗೆ ಉತ್ತರ ಕೊಡಲು ಕೊನೆಯವರೆಗೂ ನಿರಾಕರಿಸಿದನು. ಜನವರಿ 30ರಂದು ಅವನ ಶಿರಚ್ಛೇದವಾಯಿತು. ಅವನ ಪ್ರಶ್ನೆ ಮಾತ್ರ ಸಾಯಲಿಲ್ಲ. ಕಾರಣ, ಆ ನ್ಯಾಯಾಲಯವನ್ನು ರಚಿಸಿದ್ದು ಇಡೀ ಪಾರ್ಲಿಮೆಂಟಲ್ಲ. 1648ರ ಡಿಸೆಂಬರ್ 6ರಂದು ಸೈನ್ಯವು ತನಗೆ ಒಪ್ಪದ ಸದಸ್ಯರನ್ನು ಬಾಗಿಲಲ್ಲಿಯೇ ತಡೆದಿತ್ತು, ಉಳಿದವರ ಸಭೆಯದು.

6. ಗೆದ್ದವರ ಇಕ್ಕಟ್ಟು

ಅಧಿಕಾರದ ಮೂಲವನ್ನು ಪ್ರಶ್ನಿಸಿದವರು ತಾವೇ ಅಧಿಕಾರಕ್ಕೆ ಬಂದಾಗ ಅದೇ ಪ್ರಶ್ನೆ ಅವರ ಕಡೆಗೂ ತಿರುಗಿತು. 1642ರಲ್ಲಿ ಪಾರ್ಲಿಮೆಂಟು ನಾಟಕಶಾಲೆಗಳನ್ನು ಮುಚ್ಚಿಸಿತು. 1643ರಲ್ಲಿ ಮುದ್ರಣಕ್ಕೆ ಪೂರ್ವಾನುಮತಿ ಕಡ್ಡಾಯ ಮಾಡಿತು. ಇದನ್ನು ವಿರೋಧಿಸಿ ಮಿಲ್ಟನ್ 1644ರಲ್ಲಿ ಬರೆದ 'ಅರಿಯೋಪಜಿಟಿಕಾ' ಅನುಮತಿಯಿಲ್ಲದೆಯೇ ಪ್ರಕಟವಾಯಿತು. ಸತ್ಯವು ಮುಕ್ತ ವಾದದಲ್ಲಿ ಗೆಲ್ಲುತ್ತದೆಂಬ ಈ ಕೃತಿಯೂ ಕ್ಯಾಥೊಲಿಕರಿಗೆ ಆ ಸಹಿಷ್ಣುತೆಯನ್ನು ವಿಸ್ತರಿಸಲಿಲ್ಲ. ಮುಂದೆ ಗಣರಾಜ್ಯದ ಸೇವೆಯಲ್ಲಿದ್ದಾಗ ಮಿಲ್ಟನ್ ಸ್ವತಃ ವಾರ್ತಾಪತ್ರಿಕೆಯೊಂದಕ್ಕೆ ಅನುಮತಿ ನೀಡುವ ಅಧಿಕಾರಿಯಾದನು. 1647ರಲ್ಲಿ ಪಟ್ನಿಯಲ್ಲಿ ನಡೆದ ಸೈನ್ಯದ ಚರ್ಚೆಯಲ್ಲಿ, ಅತ್ಯಂತ ಬಡವನೂ ತಾನು ಒಪ್ಪದ ಸರ್ಕಾರಕ್ಕೆ ಬದ್ಧನಲ್ಲವೆಂದು ರೇನ್ಸ್‌ಬರೋ ವಾದಿಸಿದನು. ಆಸ್ತಿಯಿಲ್ಲದವರಿಗೆ ಮತದ ಹಕ್ಕು ಕೊಟ್ಟರೆ ಆಸ್ತಿಯೇ ಉಳಿಯದೆಂದು ಐರ್ಟನ್ ಪ್ರತಿವಾದಿಸಿದನು. 'ಜನ' ಎಂಬ ಪದದೊಳಗೆ ಯಾರಿದ್ದಾರೆ ಎಂಬುದು ಅಲ್ಲಿ ತೀರ್ಮಾನವಾಗಲಿಲ್ಲ. 1653ರಲ್ಲಿ ಕ್ರಾಮ್‌ವೆಲ್ ಉಳಿದಿದ್ದ ಸಭೆಯನ್ನೂ ಸೈನಿಕರಿಂದ ಹೊರಹಾಕಿಸಿದನು.

1660ರಲ್ಲಿ ಅರಸೊತ್ತಿಗೆ ಮರಳಿತು. 1662ರ ಏಕರೂಪತೆಯ ಶಾಸನದ ಕಾಲದಲ್ಲಿ ಸುಮಾರು ಎರಡು ಸಾವಿರ ಪಾದ್ರಿಗಳು ಸ್ಥಾನ ಕಳೆದುಕೊಂಡರು. ಕುರುಡನಾಗಿ, ಸೋತ ಪಕ್ಷದವನಾಗಿ ಮಿಲ್ಟನ್ 1667ರಲ್ಲಿ 'ಪ್ಯಾರಡೈಸ್ ಲಾಸ್ಟ್' ಪ್ರಕಟಿಸಿದನು. ಬಂಡಾಯ, ವಿಧೇಯತೆ, ಸ್ವತಂತ್ರ ಇಚ್ಛೆಗಳ ಆ ಕಾವ್ಯವನ್ನು ಈ ಅನುಭವದಿಂದ ಬೇರ್ಪಡಿಸಿ ಓದುವುದು ಕಷ್ಟ. ಕ್ಯಾಥೊಲಿಕನಾಗಿದ್ದ ಎರಡನೆಯ ಜೇಮ್ಸನು 1688ರಲ್ಲಿ ಪದಚ್ಯುತನಾದ ಬಳಿಕ, 1689ರ ಹಕ್ಕುಗಳ ಮಸೂದೆಯು ಪಾರ್ಲಿಮೆಂಟಿನ ಸಮ್ಮತಿಯಿಲ್ಲದ ತೆರಿಗೆಯನ್ನು ನಿಷೇಧಿಸಿತು. ಸಭೆಯಲ್ಲಿ ಆಡಿದ ಮಾತನ್ನು ಹೊರಗಿನ ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದಿತು. ಅದೇ ವರ್ಷದ ಸಹಿಷ್ಣುತಾ ಶಾಸನ ಭಿನ್ನಮತೀಯ ಪ್ರಾಟೆಸ್ಟೆಂಟರಿಗೆ ಆರಾಧನೆಯ ಸ್ವಾತಂತ್ರ್ಯ ಕೊಟ್ಟಿತು, ಕ್ಯಾಥೊಲಿಕರನ್ನು ಹೊರಗಿಟ್ಟಿತು. ಇಂದಿಗೂ ಬ್ರಿಟನ್ನಿನ ಸಿಂಹಾಸನವನ್ನು ಕ್ಯಾಥೊಲಿಕರು ಏರುವಂತಿಲ್ಲ.

ಸಮಾರೋಪ

ಸಭೆಯಲ್ಲಿನ ವಾಕ್‌ಸ್ವಾತಂತ್ರ್ಯದ ತತ್ತ್ವ ನಮಗೂ ಬಂದಿದೆ. ಭಾರತ ಸಂವಿಧಾನದ 105ನೆಯ ವಿಧಿ ಸಂಸತ್ತಿಗೆ, 194ನೆಯ ವಿಧಿ ರಾಜ್ಯಗಳ ಶಾಸನಸಭೆಗಳಿಗೆ ಅದನ್ನು ಕೊಡುತ್ತದೆ. ಇತರ ಸವಲತ್ತುಗಳ ವಿಷಯದಲ್ಲಿ ಮೂಲ ಸಂವಿಧಾನವು ಬ್ರಿಟನ್ನಿನ ಕಾಮನ್ಸ್ ಸಭೆಯನ್ನೇ ಹೆಸರಿಸಿತ್ತು. 1978ರ 44ನೆಯ ತಿದ್ದುಪಡಿ ಆ ಹೆಸರನ್ನು ತೆಗೆದುಹಾಕಿತು. ಹೆಸರು ಹೋದರೂ ಚರಿತ್ರೆ ಉಳಿದಿದೆ. ಜೇಮ್ಸ್ ಹರಿದ ಪುಟದಲ್ಲಿದ್ದ ವಾದ, ಸಭೆಯ ಮಾತು ಅರಸನ ಅನುಗ್ರಹವಲ್ಲ ಎಂಬುದು, ಗೆದ್ದಿತು. ಆ ಮಾತನ್ನು ಆಡುವ 'ಜನ' ಯಾರು, ಅದರಿಂದ ಹೊರಗುಳಿದವರು ಯಾರು ಎಂಬ ಪಟ್ನಿಯ ಪ್ರಶ್ನೆಗೆ ಮಾತ್ರ ಆ ಶತಮಾನ ಉತ್ತರ ಕೊಡಲಿಲ್ಲ. ಆ ಕಾಲದ ಸಾಹಿತ್ಯವನ್ನು ಓದುವವರು ಈ ಗೆಲುವನ್ನೂ ಈ ಕೊರತೆಯನ್ನೂ ಒಟ್ಟಿಗೆ ಗಮನಿಸಬೇಕಾಗುತ್ತದೆ.