ಗ್ಯಾಸ್ ತುಂಬುವುದು ಕೊನೆಯ ಕೆಲಸ

ಬೇಸಿಗೆ ಬಂತೆಂದರೆ ಹಳೇ ಕಾರಿನವರ ಬಾಯಲ್ಲಿ ಒಂದೇ ಮಾತು: ‘ಎಸಿ ಗ್ಯಾಸ್ ಖಾಲಿಯಾಗಿದೆ, ಹೊಡೆಸಬೇಕು.’ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಎಸ್ಟೀಮ್ ಇರಲಿ, ಅಪ್ಪನ ಕಾಲದ ಕಾಂಟೆಸ್ಸಾ ಇರಲಿ, ತಂಪಾಗದಿದ್ದರೆ ತಪ್ಪೆಲ್ಲ ಗ್ಯಾಸಿನದೇ. ಆದರೆ ಅದು ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತುವಲ್ಲ. ಕಂಪ್ರೆಸರ್, ಕಂಡೆನ್ಸರ್, ಎಕ್ಸ್‌ಪ್ಯಾನ್ಷನ್ ವಾಲ್ವ್, ಕೂಲಿಂಗ್ ಕಾಯಿಲ್ ಸೇರಿದ ಮುಚ್ಚಿದ ದಾರಿಯಲ್ಲಿ ಸುತ್ತುತ್ತಲೇ ಇರಬೇಕಾದದ್ದು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಿಂದ ಹಿಡಿದು ಹುಬ್ಬಳ್ಳಿ, ಮಂಗಳೂರಿನವರೆಗೆ ಕಾರಿನ ಎಸಿಯನ್ನಷ್ಟೇ ನೋಡುವ ಮೆಕ್ಯಾನಿಕ್‌ಗಳಿದ್ದಾರೆ. ಆ ಕಸುಬು ಬಲ್ಲವರ ಕೆಲಸದ ಮುಕ್ಕಾಲು ಪಾಲು ಗ್ಯಾಸ್ ಸಿಲಿಂಡರ್ ಮುಟ್ಟುವ ಮುಂಚೆಯೇ ಮುಗಿದಿರುತ್ತದೆ.

ಓಡಿಸಿದ್ದಕ್ಕಿಂತ ನಿಲ್ಲಿಸಿದ್ದರಿಂದಲೇ ಎಸಿ ಹೆಚ್ಚು ಕೆಡುತ್ತದೆ ಎಂದರೆ ನಂಬುವುದು ಕಷ್ಟ. ಕಂಪ್ರೆಸರಿಗೆ ಬೇಕಾದ ಆಯಿಲ್ ಗ್ಯಾಸಿನ ಜೊತೆಗೇ ತಿರುಗುತ್ತದೆ. ಎಸಿ ಹಾಕದೆ ಬಿಟ್ಟರೆ ಆಯಿಲ್ ತಳಕ್ಕಿಳಿದು, ಶಾಫ್ಟಿನ ಸೀಲ್ ಒಣಗಿ ಬಿರುಸಾಗುತ್ತದೆ. ಅಲ್ಲಿಂದ ಗ್ಯಾಸ್ ಮೆಲ್ಲಗೆ ಹೊರಬಿದ್ದು ಒಳಗಿನ ಒತ್ತಡ ಇಳಿದ ಮೇಲೆ, ತೇವದ ಗಾಳಿ ಒಳಸೇರುತ್ತದೆ. ನಿಜವಾದ ಶತ್ರು ಈ ತೇವ. ಅದು ಆಯಿಲ್ ಮತ್ತು ಗ್ಯಾಸಿನೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ; ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ರಂಧ್ರದಲ್ಲಿ ಮಂಜುಗಡ್ಡೆಯಾಗಿ ಕೂರುತ್ತದೆ. ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ತಂಪು ಕೊಟ್ಟು ನಿಂತುಹೋಗಿ, ಸ್ವಲ್ಪ ಹೊತ್ತು ಆರಿಸಿಟ್ಟರೆ ಮತ್ತೆ ಶುರುವಾಗುವ ಎಸಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಹೊಸ ಗ್ಯಾಸ್ ತುಂಬಿದ ಮಾತ್ರಕ್ಕೆ ಒಳಗಿನ ನೀರು ಹೋಗುವುದಿಲ್ಲ.

ಹಾಗಾಗಿ ಬಲ್ಲವರು ಮೊದಲು ಕಂಪ್ರೆಸರಿನ ಮುಂದಿನ ತಟ್ಟೆಯನ್ನು ಕೈಯಲ್ಲೇ ತಿರುಗಿಸಿ ನೋಡುತ್ತಾರೆ. ನಯವಾಗಿ ತಿರುಗಿದರೆ ಆಸೆಯಿದೆ. ಗರಗರ ಎಂದರೆ ಅನುಮಾನ. ಪೈಪ್ ಬಿಚ್ಚಿ, ಒಳಗಿನ ಆಯಿಲ್ಲನ್ನು ಬೆರಳಿಗೆ ಹಚ್ಚಿ ಬೆಳಕಿಗೆ ಹಿಡಿಯುತ್ತಾರೆ. ತಿಳಿಯಾಗಿದ್ದರೆ ಸರಿ. ಕಪ್ಪಗಾಗಿ, ಅದರಲ್ಲಿ ಅಲ್ಯೂಮಿನಿಯಂ ಪುಡಿ ಮಿನುಗಿದರೆ ಕಂಪ್ರೆಸರ್ ಒಳಗೇ ಸವೆದಿದೆ ಎಂದು ಲೆಕ್ಕ. ಆ ಪುಡಿ ಇಡೀ ದಾರಿಯಲ್ಲಿ ಹರಡಿರುವುದರಿಂದ ಕಂಪ್ರೆಸರ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ. ಜಾಯಿಂಟುಗಳಲ್ಲಿ ಜಿಡ್ಡು ಕಂಡರೆ ಸೋರಿಕೆ ಅಲ್ಲಿರಬಹುದು, ಏಕೆಂದರೆ ಗ್ಯಾಸ್ ಹೋಗುವಾಗ ಆಯಿಲ್ಲನ್ನೂ ಒಯ್ಯುತ್ತದೆ. ನೈಟ್ರೋಜನ್ ತುಂಬಿ, ಸೋಪಿನ ನೀರು ಬಳಿದು ಗುಳ್ಳೆ ಹುಡುಕುವುದು ಇದಕ್ಕಾಗಿಯೇ. ಓ-ರಿಂಗುಗಳ ಜೊತೆ ಡ್ರೈಯರ್ ಬಾಟಲನ್ನೂ ಹೊಸದು ಹಾಕಲೇಬೇಕು. ತೇವ ಹೀರುವ ಅದರೊಳಗಿನ ಕಾಳುಗಳು ಈಗಾಗಲೇ ಹೊಟ್ಟೆ ತುಂಬಿಸಿಕೊಂಡಿರುತ್ತವೆ. ಇದಾದ ಮೇಲೆ ವ್ಯಾಕ್ಯೂಮ್. ಪಂಪು ಒಳಗಿನ ಗಾಳಿ ಎಳೆದಂತೆ ಒತ್ತಡ ಎಷ್ಟು ಇಳಿಯುತ್ತದೆಂದರೆ, ಉಳಿದ ನೀರು ಕೋಣೆಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಸಮುದ್ರಮಟ್ಟದ ಮಂಗಳೂರಿನಲ್ಲಿ ಗೇಜಿನ ಮುಳ್ಳು ಪಾದರಸದ 29 ಇಂಚು ದಾಟಬಹುದು; ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದೇ ಪಂಪು 27ರ ಹತ್ತಿರವೇ ನಿಲ್ಲುತ್ತದೆ. ಪಂಪು ಕೆಟ್ಟಿಲ್ಲ, ಅಲ್ಲಿನ ಗಾಳಿಯ ಒತ್ತಡವೇ ಅಷ್ಟು. ಪಂಪು ಆರಿಸಿದ ಮೇಲೂ ಮುಳ್ಳು ಜಾಗ ಬಿಟ್ಟು ಕದಲದಿದ್ದರೆ ಮಾತ್ರ ಸಿಲಿಂಡರ್ ತರಬೇಕು.

ಯಾವ ಸಿಲಿಂಡರ್? ತೀರಾ ಹಳೆಯ ಕಾರುಗಳು ಆರ್-12 ಗ್ಯಾಸಿಗಾಗಿ ತಯಾರಾದವು. ಅದರಲ್ಲಿನ ಕ್ಲೋರಿನ್ ಓಝೋನ್ ಪದರವನ್ನು ಕೆಡಿಸುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿತು. ಭಾರತವೂ 2008ರಲ್ಲಿ, ಔಷಧದ ಇನ್‌ಹೇಲರ್‌ಗಳಿಗೆ ಬೇಕಾದಷ್ಟು ಬಿಟ್ಟು, ಆರ್-12 ಸೇರಿದ ಸಿಎಫ್‌ಸಿ ಗ್ಯಾಸುಗಳ ತಯಾರಿಕೆ ನಿಲ್ಲಿಸಿತು. ಈಗ ಹಾಕುವುದು ಆರ್-134ಎ. ಹಳೆಯ ಮಿನರಲ್ ಆಯಿಲ್ ಇದರೊಡನೆ ಬೆರೆಯದ ಕಾರಣ ಅದನ್ನು ಬಸಿದು ಬೇರೆ ಆಯಿಲ್ ಹಾಕಬೇಕು. ಗ್ಯಾಸೂ ಮೊದಲಿನಷ್ಟೇ ತೂಕ ಹಿಡಿಯುವುದಿಲ್ಲ, ಶೇ 80ರಿಂದ 90ರಷ್ಟು ಸಾಕು. ಇಷ್ಟಾದರೂ ಹಳೆಯ ಕಂಡೆನ್ಸರ್ ಹೊಸ ಗ್ಯಾಸಿಗೆ ಚಿಕ್ಕದಾಗಬಹುದು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ ಅದು ಏದುಸಿರು ಬಿಟ್ಟರೆ ಮೆಕ್ಯಾನಿಕ್ಕನ್ನು ಬೈದು ಫಲವಿಲ್ಲ.

ಇಷ್ಟೆಲ್ಲ ಏಕೆ, ವರ್ಷಕ್ಕೊಮ್ಮೆ ಗ್ಯಾಸ್ ಹೊಡೆಸಿದರೆ ಅಗ್ಗವಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಬೇಸಿಗೆಯ ಮಟ್ಟಿಗೆ ಅಗ್ಗವೇ, ನಿಜ. ಆದರೆ ಗ್ಯಾಸ್ ಕಡಿಮೆಯಿದ್ದಾಗ ಆಯಿಲ್ ಕಂಪ್ರೆಸರಿಗೆ ವಾಪಸ್ ಬರುವುದಿಲ್ಲ. ಗ್ಯಾಸ್ ಇಳಿದೊಡನೆ ಕಂಪ್ರೆಸರನ್ನು ನಿಲ್ಲಿಸಲೆಂದೇ ಅನೇಕ ಕಾರುಗಳಲ್ಲಿ ಪ್ರೆಶರ್ ಸ್ವಿಚ್ ಇಟ್ಟಿರುತ್ತಾರೆ. ಅದಕ್ಕೇ ವೈರ್ ಜೋಡಿಸಿ ಬೈಪಾಸ್ ಮಾಡುವ ಜಾಣರೂ ಉಂಟು. ಕಂಪ್ರೆಸರ್ ಜಾಮ್ ಆದ ದಿನ ಉಳಿತಾಯದ ಲೆಕ್ಕವೆಲ್ಲ ತಲೆಕೆಳಗು. ಸೋರಿದ್ದು ಗಾಳಿಗೆ ಸೇರುತ್ತದೆ ಎಂಬುದು ಇನ್ನೊಂದು ಮಾತು. ಆರ್-134ಎ ಓಝೋನಿಗೆ ಕೇಡಲ್ಲದಿದ್ದರೂ ಶಾಖ ಹಿಡಿದಿಡುವುದರಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಬಲವಾದದ್ದು. ಅರ್ಧ ಕೆ.ಜಿ. ಸೋರಿದರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟು.

ಆರ್-134ಎ ಬದಲು ಎಲ್‌ಪಿಜಿ ಬಗೆಯ ಅಗ್ಗದ ಗ್ಯಾಸ್ ಸಾಕೆನ್ನುವವರ ವಾದದಲ್ಲಿ ಒಂದಿಷ್ಟು ಸತ್ಯವಿದೆ: ಅದು ಚೆನ್ನಾಗಿಯೇ ತಂಪು ಕೊಡುತ್ತದೆ, ಇಂದಿನ ಅನೇಕ ಫ್ರಿಜ್‌ಗಳಲ್ಲಿ ಇರುವುದೂ ಅದೇ ಬಗೆಯ ಐಸೊಬ್ಯೂಟೇನ್. ಆದರೆ ಫ್ರಿಜ್ಜಿನಲ್ಲಿರುವುದು ಬರೀ ಹತ್ತಾರು ಗ್ರಾಂ, ಅದೂ ಬೆಸುಗೆ ಹಾಕಿ ಮುಚ್ಚಿದ್ದು. ಕಾರಿನಲ್ಲಿ ರಬ್ಬರ್ ಹೋಸ್, ತಿರುಗುವ ಶಾಫ್ಟು, ಡ್ಯಾಶ್‌ಬೋರ್ಡಿನ ಹಿಂದೆ ಪ್ರಯಾಣಿಕರ ಕಾಲಬುಡದಲ್ಲೇ ಕೂಲಿಂಗ್ ಕಾಯಿಲ್. ಅಲ್ಲಿ ಸೋರಿದ ಉರಿಯುವ ಗ್ಯಾಸಿಗೆ ಒಂದು ಕಿಡಿ ಸಾಕು.

ಎಲ್ಲ ಕಾರಿಗೂ ಈ ಖರ್ಚು ಒಪ್ಪುತ್ತದೆಂದಲ್ಲ. ಆಯಿಲ್ಲಿನಲ್ಲಿ ಲೋಹದ ಪುಡಿ ಕಂಡು, ಕೂಲಿಂಗ್ ಕಾಯಿಲೂ ತೂತಾಗಿದ್ದರೆ, ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲೇ ಬೇಡ ಎನ್ನುವ ಮೆಕ್ಯಾನಿಕ್ಕೇ ಒಳ್ಳೆಯವನು. ಸೀಲ್, ಡ್ರೈಯರ್, ಒಂದೆರಡು ಪೈಪಿನಲ್ಲಿ ಮುಗಿಯುವ ಕೆಲಸವಾದರೆ ಧಾರಾಳವಾಗಿ ಮಾಡಿಸಬಹುದು. ಅನಂತರ ಡಿಸೆಂಬರಿನಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸುತ್ತಿದ್ದರೆ ಸೀಲಿಗೆ ಆಯಿಲ್ ಸಿಗುತ್ತಿರುತ್ತದೆ.